ಇಂದ್ರಾಬಾಯಿಯ ಕಾಲೊಳಗಿನ ಪಟ್ಟಿ

ಗಡಿಯಾಚೆ ಮರಾಠಿ ಸೀಮೆಯ ಮುಚ್ಚಂಡಿಯಲ್ಲಿ ಇಂದ್ರಾಬಾಯಿಯ ಸಿಟ್ಟು ಯಾರಿಗೂ ಹೊಸದಲ್ಲ. ಅವಳ ಹಿಟ್ಟಿನ ಗಿರಣಿಯಲ್ಲಿ ಯಾರಾದರೂ ಸಾಲು ಮುರಿದರೆ ಸಿಟ್ಟು, ಹಸಿ ಜೋಳ ತಂದು ಕಲ್ಲಿಗೆ ಮೆತ್ತಿಸಿದರೆ ಸಿಟ್ಟು, ಕರೆಂಟು ಹೋದರೆ ಕರೆಂಟಿನ ಮೇಲೂ ಸಿಟ್ಟು. ಅವೆಲ್ಲ ಒಂದು ಗಂಟೆ ಕೂಗಾಡಿದರೆ ಮುಗಿಯುವಂಥವು. ಆದರೆ ಈ ಒಂದು ವರ್ಷದಿಂದ ಅವಳೊಳಗೆ ಬೇರೆಯೇ ಒಂದು ಸಿಟ್ಟು ಮನೆ ಮಾಡಿತ್ತು. ಅವಳ ಎಡಗಾಲಿನ ಮೂಳೆಗೆ ಒಂದು ಲೋಹದ ಪಟ್ಟಿ ಕೂರಿಸಿ ಏಳು ಸ್ಕ್ರೂ ಬಿಗಿದಿದ್ದರು. ಆ ಪಟ್ಟಿ ಹೊರಗೆ ಬರುವವರೆಗೂ ಈ ಸಿಟ್ಟು ಇಳಿಯುವ ಹಾಗಿರಲಿಲ್ಲ.

ಕಾಲಿನ ಕತೆಗಿಂತ ಮೊದಲು ಅವಳ ಕಿವಿಯ ಕತೆ ಹೇಳಬೇಕು. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಅವಳ ಕಿವಿಗೆ ಬಂಗಾರದ್ದೆಂದು ಝುಮಕಿ ಹಾಕಿದಳು. ಮೂರನೆಯ ದಿನಕ್ಕೆ ಕಿವಿ ಕೆಂಪಗೆ ಬಾತು ನೀರು ಸುರಿಯಿತು. ಹತ್ತೊಂಬತ್ತರ ಹುಡುಗಿ, ನೆಂಟರಿಷ್ಟರ ನಡುವೆ ನಿಂತು, "ಅತ್ತಿ, ಇದು ಖೊಟ್ಟಿ ಐತಿ" ಅಂದುಬಿಟ್ಟಳು. ಮನೆಯಲ್ಲಿ ದೊಡ್ಡ ರಂಪವೇ ಆಯಿತು. ಕೊನೆಗೆ ಜತ್ತದ ಅಕ್ಕಸಾಲಿಗ ಒರೆಗೆ ಹಚ್ಚಿ ನೋಡಿ, ಮೇಲೆ ಬಂಗಾರದ ನೀರು, ಒಳಗೆ ನಿಕ್ಕಲ್ ಬೆರೆಸಿದ ಅಗ್ಗದ ಲೋಹ ಎಂದು ಹೇಳಿದ. ಅತ್ತೆ ಹತ್ತು ವರ್ಷ ಅವಳ ಜೊತೆ ನೆಟ್ಟಗೆ ಮಾತಾಡಲಿಲ್ಲ. ಊರ ಹೆಂಗಸರಿಗೆ ಮಾತ್ರ ಹಬ್ಬವಾಯಿತು. ಅಂದಿನಿಂದ ಯಾರು ಹೊಸ ಬೆಂಡೋಲೆ ತಂದರೂ ಮೊದಲು ಗಿರಣಿಗೆ ಬರುವರು. "ಎರಡ ದಿನ ಹಾಕ್ಕೊಂಡು ನೋಡಕ್ಕಾ" ಎನ್ನುವರು. ಇಂದ್ರಾಬಾಯಿ ಬೈಯುತ್ತಲೇ ಹಾಕಿಕೊಳ್ಳುವಳು. ಅವಳ ಕಿವಿ ಸುಮ್ಮನಿದ್ದರೆ ಬಂಗಾರ, ಕೆರಳಿದರೆ ಖೊಟ್ಟಿ. ಮುಚ್ಚಂಡಿಯಲ್ಲಿ ಆ ಕಿವಿಯ ಮೇಲೆ ಅಪೀಲು ಇರಲಿಲ್ಲ.

ಹೋದ ವರ್ಷ ಸ್ಟ್ಯಾಂಡಿನಲ್ಲಿ ಅವಳು ಎಸ್.ಟಿ. ಬಸ್ಸಿನಿಂದ ಇಳಿಯುವಾಗ ಡ್ರೈವರ್ ಗಾಡಿ ಬಿಟ್ಟ. ಬಿದ್ದ ಹೊಡೆತಕ್ಕೆ ಮೊಣಕಾಲ ಕೆಳಗಿನ ಮೂಳೆ ಎರಡು ತುಂಡಾಯಿತು. ಜತ್ತದ ಒಂದು ಎಲುಬಿನ ದವಾಖಾನೆಗೆ ಹಾಕಿದರು. ಅಂಥ ನೋವಿನಲ್ಲೂ ಅವಳು ಡಾಕ್ಟರ ಕೋಟು ಹಿಡಿದು ಹೇಳಿದಳು: "ಸಾಹೇಬ್ರ, ನನಗ ಎಲ್ಲಾ ಲೋಹ ಆಗಿಬರೂದಿಲ್ರಿ. ನಿಕ್ಕಲ್ ಇದ್ದದ್ದು ಹಾಕಬ್ಯಾಡ್ರಿ."

ಡಾಕ್ಟರು ನಕ್ಕರು. "ಮಾವಶಿ, ನಿಮಗ ಟೈಟಾನಿಯಮ್ ಹಾಕ್ತೀನಿ. ಅದರಾಗ ನಿಕ್ಕಲ್ ಇರೂದಿಲ್ಲ. ಕಾಳಜಿ ಬಿಡ್ರಿ."

ಗಂಡ ಶಿದ್ರಾಯ ತಲೆಯಾಡಿಸಿ ಕಾಗದಕ್ಕೆ ಸಹಿ ಮಾಡಿದ. ಕಾಗದದ ಮೇಲೂ ಟೈಟಾನಿಯಮ್ ಎಂದೇ ಬರೆದಿತ್ತು.

ಎರಡನೆಯ ತಿಂಗಳಿಗೆ ಕಾಲು ತುರಿಸತೊಡಗಿತು. ಮೊಣಕಾಲ ಕೆಳಗೆ ಉದ್ದಕ್ಕೂ ಗಂದೆಯ ಗುಳ್ಳೆ ಎದ್ದವು, ಒಡೆದವು, ಒಣಗಿದವು, ಮತ್ತೆ ಎದ್ದವು. ಇಂದ್ರಾಬಾಯಿಗೆ ಆ ಉರಿ ಹೊಸದಾಗಿರಲಿಲ್ಲ. ಮೂವತ್ತು ವರ್ಷದಿಂದ ಕಿವಿಯಲ್ಲಿ ಕಂಡ ಉರಿಯೇ ಕಾಲಿಗೆ ಇಳಿದಿತ್ತು. ಆದರೆ ಝುಮಕಿಯನ್ನಾದರೆ ಕಿತ್ತು ಎಸೆಯಬಹುದಿತ್ತು.

ಡಾಕ್ಟರು ರಕ್ತ ನೋಡಿದರು, ಸಕ್ಕರೆ ನೋಡಿದರು, ಕೀವಿಲ್ಲ ಎಂದರು. ಮೊದಲು ಹಿಟ್ಟಿನ ಧೂಳಿನ ಮೇಲೆ ತಪ್ಪು ಹೊರಿಸಿದರು, ಆಮೇಲೆ ಬೆವರಿನ ಮೇಲೆ. ಆರನೆಯ ಸಲ ಹೋದಾಗ ಅವಳ ಕಡೆ ನೋಡದೆ ಶಿದ್ರಾಯನಿಗೆ ಹೇಳಿದರು: "ಇದು ಬರೇ ಭ್ರಮಾ ಅದ. ಈ ವಯಸ್ಸಿನಾಗ ಹೆಣ್ಮಕ್ಕಳಿಗಿ ಹಿಂಗ ಆಗ್ತದ. ನಿದ್ದಿ ಗುಳಿಗಿ ಬರದೀನಿ, ಕೊಡ್ರಿ."

ಭ್ರಮೆಯಂತೆ. ಕಾಲಿನಿಂದ ನೀರು ಸುರಿಯುತ್ತಿದೆ, ಹಾಸಿಗೆಗೆ ಕಲೆ ಹತ್ತುತ್ತಿದೆ, ಅದು ಭ್ರಮೆಯಂತೆ! ಶಿದ್ರಾಯ ಗುಳಿಗೆ ಹಿಡಿದುಕೊಂಡು ಮುಂದೆ ನಿಂತ. "ದೊಡ್ಡ ಕಲತವ್ರು ಸುಳ್ಳ ಹೇಳ್ತಾರೇನ ಇಂದ್ರಾ? ತಗೊ" ಅಂದ. ಅವಳು ಗುಳಿಗೆಯನ್ನು ಅಂಗಳಕ್ಕೆ ಎಸೆದಳು. ಪಕ್ಕದ ಮನೆಯ ದಾಕ್ಷಾಯಣಿ ಅದನ್ನು ನೋಡಿ ಊರಿಗೆಲ್ಲ ಸುದ್ದಿ ಹಂಚಿದಳು. "ಇಂದ್ರಾ ಅಕ್ಕಗ ಭ್ರಮಾ ಹಿಡದೈತಂತ, ಪಾಪ." ಇದೇ ದಾಕ್ಷಾಯಣಿ ತನ್ನ ಮಗಳ ಮದುವೆಯ ಒಂದೊಂದು ಒಡವೆಯನ್ನೂ ಇಂದ್ರಾಬಾಯಿಯ ಕಿವಿಗೆ ಹಚ್ಚಿ ನೋಡಿದವಳು. ಕಿವಿಯ ಮಾತು ನಂಬಿ ಬಂಗಾರ ಕೊಂಡ ಊರು ಕಾಲಿನ ಮಾತು ನಂಬಲಿಲ್ಲ. ಇಂದ್ರಾಬಾಯಿಗೆ ತುರಿಕೆಗಿಂತ ಹೆಚ್ಚು ಉರಿದದ್ದು ಅದು.

ಅವಳು ಮಿರಜಕ್ಕೂ ಹೋಗಿ ಬಂದಳು. ಅಲ್ಲಿನ ದೊಡ್ಡ ಡಾಕ್ಟರಮ್ಮ ಸಮಾಧಾನದಿಂದ ಎಲ್ಲ ಕೇಳಿದರು. ಮೂಳೆ ಪೂರಾ ಕೂಡಿದೆ, ಪಟ್ಟಿ ತೆಗೆಯಬಹುದು, ಆದರೆ ಸುಮ್ಮಸುಮ್ಮನೆ ಕಾಲು ಕೊಯ್ಯುವುದಿಲ್ಲ ಎಂದರು. ಕಾಗದದಲ್ಲಿ ಟೈಟಾನಿಯಮ್ ಎಂದಿದೆ, ಅದು ಹೀಗೆ ಕಾಡುವುದು ತೀರಾ ಅಪರೂಪ, ಸ್ಟೀಲ್ ಆಗಿದ್ದರೆ ಮಾತು ಬೇರೆ ಎಂದರು. "ಏನ ಹಾಕ್ಯಾರ ಅನ್ನೂದು ಅವರ ಕಡಿಂದ ಖರೇ ಬರಸ್ಕೊಂಡು ಬರ್ರಿ. ನಾಳೀನ ತಗೀತೀನಿ."

ಒಂದೇ ಒಂದು ಶಬ್ದ ಕಾಗದದ ಮೇಲೆ ಬದಲಾಗಬೇಕಿತ್ತು. ಅದನ್ನು ಬದಲಿಸುವ ಪೆನ್ನು ಜತ್ತದ ಡಾಕ್ಟರ ಜೇಬಿನಲ್ಲಿತ್ತು.

ಫಾಲ್ಗುಣದಲ್ಲಿ ಮೇಲಿನ ಒಂದು ಸ್ಕ್ರೂ ಸಡಿಲವಾಗಿ ಚರ್ಮದ ಕೆಳಗೆ ಗಂಟಿನಂತೆ ಎದ್ದಿತು. ಜತ್ತದಲ್ಲೇ ಮರಗಟ್ಟುವ ಸೂಜಿ ಚುಚ್ಚಿ ಅದೊಂದನ್ನು ತೆಗೆದರು. ಕಂಪೌಂಡರ್ ನಾಗನಾಥ ಅದನ್ನು ಕಸದ ಡಬ್ಬಿಗೆ ಹಾಕುವುದರಲ್ಲಿದ್ದ. ಇಂದ್ರಾಬಾಯಿ ಮಲಗಿದಲ್ಲಿಂದಲೇ ಅವನ ಮಣಿಕಟ್ಟು ಹಿಡಿದಳು. "ಅದು ನನ್ನ ಕಾಲಾಗಿಂದು. ಇಲ್ಲಿ ತಾ."

"ಇದು ಟೈಟಾನಿಯಮ್ ಏನ್ರಿ?" ಎಂದು ಡಾಕ್ಟರನ್ನು ಕೇಳಿದಳು.

ಡಾಕ್ಟರ ಮೇಜಿನ ಮೇಲೆ ಗುಂಡುಸೂಜಿಯ ಡಬ್ಬಿ ಇತ್ತು, ಅದರ ಬಾಯಿಗೆ ಚುಂಬಕ. ಅವರು ಸ್ಕ್ರೂ ಅದಕ್ಕೆ ಹಿಡಿದರು. ಅಂಟಲಿಲ್ಲ. "ನೋಡ್ರಿ, ಲೋಖಂಡ, ಸ್ಟೀಲ್ ಇದ್ದರ ಹತ್ತತಿತ್ತು. ಹತ್ತಿತೇನ? ಇಲ್ಲ. ಇನ್ನರ ಸಂಶಯ ಬಿಡ್ರಿ ಮಾವಶಿ." ಶಿದ್ರಾಯನ ಮುಖ ಅರಳಿತು. ಹೆಂಡತಿಯ ತಲೆ ಕೆಟ್ಟಿದೆ ಎಂದು ಪಕ್ಕಾ ಆದರೆ ಇಷ್ಟು ಖುಷಿಪಡುವ ಗಂಡನನ್ನು ಏನೆನ್ನಬೇಕೋ ಇಂದ್ರಾಬಾಯಿಗೆ ತಿಳಿಯಲಿಲ್ಲ. ಸ್ಕ್ರೂ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಎದ್ದಳು.

ಮುಚ್ಚಂಡಿಯ ಸ್ಟ್ಯಾಂಡಿನ ಹತ್ತಿರ ಬಾದಶಹಾನ ಲೇಥ್ ಅಂಗಡಿ. ಬೋರಿನ ಪಂಪು, ಟ್ರ್ಯಾಕ್ಟರಿನ ಪಿನ್ನು, ಗಿರಣಿಯ ಶಾಫ್ಟು ಎಲ್ಲ ಅವನ ಕೈಯಲ್ಲೇ ರಿಪೇರಿ. ಅದಕ್ಕೂ ಮೊದಲು ಹನ್ನೊಂದು ವರ್ಷ ಪುಣೆಯ ಕಾರ್ಖಾನೆಯೊಂದರಲ್ಲಿ ಮೂಳೆಗೆ ಹಾಕುವ ಸ್ಕ್ರೂಗಳನ್ನೇ ಕಡೆಯುತ್ತಿದ್ದವನು ಅವನು. ಇಂದ್ರಾಬಾಯಿ ಗಂಟು ಬಿಚ್ಚಿ ಸ್ಕ್ರೂ ಕೊಟ್ಟಳು, ಚುಂಬಕದ ಮಾತೂ ಹೇಳಿದಳು.

ಬಾದಶಹಾ ಅದನ್ನು ಅಂಗೈಯಲ್ಲಿ ಎರಡು ಸಲ ಹಾರಿಸಿ ಹಿಡಿದ. "ವಜನ ಐತಿ ಅಕ್ಕಾ. ಟೈಟಾನಿಯಮ್ ಇದರ ಅರ್ಧಕಿಂತ ಸ್ವಲ್ಪ ಜಾಸ್ತಿ ಅಷ್ಟ ತೂಗತೈತಿ." ಬೀಗದ ಕೈಗೊಂಚಲಿನಿಂದ ಬೂದಿ ಬಣ್ಣದ ಒಂದು ತುಂಡು ಬಿಚ್ಚಿದ. ಪುಣೆ ಬಿಡುವಾಗ ನೆನಪಿಗೆಂದು ತಂದ ಟೈಟಾನಿಯಮ್ ತುಂಡು. ಸಾಣೆ ಚಕ್ರ ತಿರುಗಿಸಿ ಅದನ್ನು ಹಿಡಿದ. ಕಣ್ಣು ಕುಕ್ಕುವಂತೆ ಬೆಳ್ಳನೆಯ ಕಿಡಿ ಹಾರಿದವು. ಆಮೇಲೆ ಸ್ಕ್ರೂವಿನ ತುದಿ ಮುಟ್ಟಿಸಿದ. ಗಿಡ್ಡ ಗಿಡ್ಡ ಕೆಂಪು ಕಿಡಿ ಬಂದವು, ಅಷ್ಟೇ.

"ಸ್ಟೀಲ್ ಐತಿ. ದವಾಖಾನಿ ಸ್ಟೀಲ್. ಕೆಟ್ಟದ್ದಲ್ಲ, ಭಾಳ ಮಂದಿಗಿ ಚಲೋನ ಆಗತೈತಿ. ನಿಮ್ಮಂಥವ್ರಿಗಿ ಆಗೂದಿಲ್ಲ."

"ಮತ್ತ ಚುಂಬಕ ಯಾಕ ಹತ್ತಲಿಲ್ಲ?"

"ಆ ಸ್ಟೀಲಿಗಿ ಹತ್ತೂದಿಲ್ಲಕ್ಕಾ. ನಿಕ್ಕಲ್ ಹಾಕಿರ್ತಾರಲ್ಲ, ಅದರ ಸಲುವಾಗೇ ಹತ್ತೂದಿಲ್ಲ."

ಇಂದ್ರಾಬಾಯಿ ಅಲ್ಲೇ ಇದ್ದ ಕಬ್ಬಿಣದ ಸ್ಟೂಲಿನ ಮೇಲೆ ಕೂತಳು. ಯಾವ ನಿಕ್ಕಲ್ ಅವಳ ಕಾಲನ್ನು ಕಚ್ಚುತ್ತಿತ್ತೋ ಅದನ್ನೇ ಸಾಕ್ಷಿ ಮಾಡಿ ಜತ್ತದ ಆ ಮನುಷ್ಯ ಅವಳನ್ನು ಹುಚ್ಚಿ ಎಂದಿದ್ದ. ಅಳು ಬಂತು, ಬಂದ ಅಳುವಿನ ಮೇಲೂ ಸಿಟ್ಟು ಬಂತು.

"ನಾ ಬಂದು ಹೇಳಲೇನ?" ಎಂದ ಬಾದಶಹಾ. "ಆದರ ಲೇಥಿನವನ ಮಾತು ಡಾಕ್ಟರ ಕೇಳ್ತಾರೇನಕ್ಕಾ?"

"ನೀ ಬರೂದು ಬ್ಯಾಡ ತಮ್ಮಾ. ಆ ತುಂಡು ಎರಡ ದಿನ ನನಗ ಕೊಡು."

ಮನೆಗೆ ಬಂದವಳೇ ಎರಡನ್ನೂ ಸೋಪು ಹಚ್ಚಿ ತೊಳೆದಳು. ಎಡದೋಳಿನ ಒಳಮೈಗೆ ಸ್ಕ್ರೂ, ಬಲದೋಳಿಗೆ ಬಾದಶಹಾನ ತುಂಡು. ಎರಡರ ಮೇಲೂ ಹಳೆಯ ಧೋತರದ ಪಟ್ಟಿ ಬಿಗಿದಳು. ಬಿಸಿಲು ಕಾಯುತ್ತಿತ್ತು, ಗಿರಣಿಯೊಳಗೆ ಬೆವರು ಧಾರಾಕಾರ. ಎರಡು ದಿನ ಅದೇ ತೋಳಿನಲ್ಲಿ ಜೋಳ ಸುರಿದಳು, ಹಿಟ್ಟು ತುಂಬಿದಳು. ಎಡದೋಳು ಉರಿಯತೊಡಗಿದಾಗ, ಜೀವಮಾನದಲ್ಲಿ ಮೊದಲ ಸಲ ಆ ಉರಿ ಅವಳಿಗೆ ಹಿತವಾಯಿತು.

ಮೂರನೆಯ ಬೆಳಿಗ್ಗೆ ಶಿದ್ರಾಯನನ್ನು ಕರೆದು, "ಬಿಚ್ರಿ" ಅಂದಳು. ಅವನು ಬಲದೋಳು ಬಿಚ್ಚಿದ. ಚರ್ಮ ತೊಳೆದಿಟ್ಟ ಹಾಗಿತ್ತು. ಎಡದೋಳು ಬಿಚ್ಚಿದ. ಸ್ಕ್ರೂ ಇದ್ದಷ್ಟು ಉದ್ದಕ್ಕೆ ಕೆಂಡದಂಥ ಬರೆ, ಸುತ್ತ ನೀರು ತುಂಬಿದ ಗುಳ್ಳೆ. ಶಿದ್ರಾಯ ಎರಡೂ ತೋಳನ್ನು ಮತ್ತೆ ಮತ್ತೆ ನೋಡಿದ. ಅಂಗಿ ಹಾಕಿಕೊಂಡು ಬಂದು, "ನಡಿ, ಎಂಟರ ಬಸ್ ಸಿಗತೈತಿ" ಅಂದ.

ದವಾಖಾನೆಯಲ್ಲಿ ಬೆಂಚುಗಳು ತುಂಬಿದ್ದವು. ನಾಗನಾಥ ಅಡ್ಡ ಬಂದು ನಂಬರ್ ಹಚ್ಚಲು ಹೇಳಿದ. "ಹದಿನಾಕ ತಿಂಗಳ ಹಿಂದೇನ ಹಚ್ಚೀನಿ, ಆಚೀಗಿ ಸರಿ" ಎಂದು ಇಂದ್ರಾಬಾಯಿ ಬಾಗಿಲು ದೂಡಿದಳು. ಗದ್ದಲಕ್ಕೆ ಡಾಕ್ಟರೇ ಹೊರಗೆ ಬಂದರು. ಬಂದವರು ಎಂದಿನಂತೆ ಶಿದ್ರಾಯನನ್ನೇ ಕೇಳಿದರು: "ಗುಳಿಗಿ ಬರೋಬ್ಬರಿ ಕೊಡಾಕತ್ತೀರೋ ಇಲ್ಲೋ?"

"ಕಾಲು ನಂದೈತ್ರಿ. ನನ್ನ ಜೋಡಿ ಮಾತಾಡ್ರಿ." ಅವಳು ಎರಡೂ ತೋಳು ಎತ್ತಿ ಹಿಡಿದಳು, ಬೆಂಚಿನ ಮೇಲಿದ್ದವರಿಗೆಲ್ಲ ಕಾಣುವ ಹಾಗೆ. "ಈ ತೋಳಿಗಿ ಟೈಟಾನಿಯಮ್ ಕಟ್ಟೀನಿ. ಈ ತೋಳಿಗಿ ನನ್ನ ಕಾಲಾಗ ಹಾಕಿದ ಸ್ಕ್ರೂ ಕಟ್ಟೀನಿ. ಎರಡೂ ಒಬ್ಬಾಕಿ ತೋಳ್ರಿ ಸಾಹೇಬ್ರ. ಒಂದಕ್ಕ ಭ್ರಮಾ ಹಿಡದು ಇನ್ನೊಂದಕ್ಕ ಯಾಕ ಬಿಟ್ಟತು, ಹೇಳ್ರಿ."

ಡಾಕ್ಟರು ತೋಳು ನೋಡಿದರು, ಕಿಟಕಿ ನೋಡಿದರು. ಬೆಂಚಿನ ತುದಿಯಲ್ಲಿ ಕರಜಗಿಯ ಮುದುಕಿ ಭಾಗವ್ವ ಎಕ್ಸ್-ರೇ ಲಕೋಟೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳು ಸೊಂಟದ ಕೀಲು ಹಿಡಿದುಕೊಂಡು ಕೋಲೂರಿ ಎದ್ದಳು. "ಯಪ್ಪಾ, ನನ್ನ ಚಪ್ಪಿಯಾಗ ಏನ ಹಾಕೀರಿ?" ಎಂದಳು. ಅವಳ ಹಿಂದೆ ಇನ್ನೊಬ್ಬರು ಎದ್ದರು.

"ಒಳಗ ಬರ್ರಿ ಮಾವಶಿ," ಡಾಕ್ಟರ ದನಿ ಈಗ ಮೆತ್ತಗಾಗಿತ್ತು. "ಮಾಲು ಕೊಟ್ಟವ್ರ ತಪ್ಪಿರಬೇಕು. ಪೈಸೆ ಬ್ಯಾಡ, ನಾನ ತಗದು ಕೊಡ್ತೀನಿ."

"ನಿಮ್ಮ ಕೈ ಮತ್ತ ನನ್ನ ಕಾಲಿಗಿ ಹತ್ತೂದು ಬ್ಯಾಡ. ಬರದು ಕೊಡ್ರಿ. ಸ್ಟೀಲ್ ಅಂತ."

ಅವರು ಇಂಗ್ಲಿಷಿನಲ್ಲಿ ಬರೆಯತೊಡಗಿದರು. ಇಂದ್ರಾಬಾಯಿ ಕಾಗದದ ಮೇಲೆ ಅಂಗೈ ಇಟ್ಟಳು. "ಮರಾಠಿಲೆ ಬರೀರಿ. ಏಳನೇತ್ತಾ ತನಕ ಸಾಲಿ ಕಲ್ತೀನಿ. ನನಗ ಓದಾಕ ಬರಬೇಕು." ಡಾಕ್ಟರು ಬರೆದರು. ಅವಳು ಒಂದೊಂದಕ್ಷರಕ್ಕೂ ಬೆರಳಿಟ್ಟು ಓದಿದಳು. ಸಹಿಯ ಕೆಳಗೆ ತಾರೀಖು ಹಾಕಿಸಿದ ಮೇಲೆಯೇ ಕಾಗದ ಎತ್ತಿದಳು.

ಮಿರಜದ ಡಾಕ್ಟರಮ್ಮ ಮಾತಿಗೆ ತಪ್ಪಲಿಲ್ಲ. ಪಟ್ಟಿ, ಉಳಿದ ಆರು ಸ್ಕ್ರೂ, ಎಲ್ಲವನ್ನೂ ತೆಗೆದು ತೊಳೆದು ಒಂದು ಬಾಟಲಿಯಲ್ಲಿ ಹಾಕಿ ಕೊಟ್ಟರು. ಒಂದು ತಿಂಗಳಿಗೆ ಗಂದೆ ಒಣಗಿ ಉದುರಿದವು. ಗಿರಣಿ ಮತ್ತೆ ಶುರುವಾದ ದಿನ ಶಿದ್ರಾಯ ಮೊಳೆ, ಸುತ್ತಿಗೆ ಹಿಡಿದು ಬಂದ. "ಎಲ್ಲಿ ಬಡೀಲಿ?" ಎಂದು ಕೇಳಿದ.

"ತಕ್ಕಡಿ ಮ್ಯಾಲ. ಎಲ್ಲಾರಿಗೂ ಕಾಣಬೇಕು."

ಅವನು ಬಡಿದ. ಪಟ್ಟಿಯನ್ನು ಅದರದೇ ತೂತಿನಿಂದ ಮೊಳೆಗೆ ಸಿಕ್ಕಿಸಿದ. ಕರಜಗಿಯಿಂದಲೂ ಬಾಲಗಾಂವದಿಂದಲೂ ಜನ ತಮ್ಮ ತಮ್ಮ ದವಾಖಾನೆಯ ಕಾಗದ ಹಿಡಿದು ಬಂದು ಅದನ್ನು ನೋಡಿ, ಬಾದಶಹಾನ ಅಂಗಡಿ ಎಲ್ಲಿ ಎಂದು ಕೇಳಿ ಹೋದರು.

ದಾಕ್ಷಾಯಣಿ ಮಾತ್ರ ಹದಿನೈದು ದಿನ ತಪ್ಪಿಸಿಕೊಂಡು ತಿರುಗಿದಳು. ಹದಿನಾರನೆಯ ದಿನ, ಗಿರಣಿಯಲ್ಲಿ ಹತ್ತು ಮಂದಿ ಡಬ್ಬಿ ಸಾಲಿಗೆ ಹಚ್ಚಿ ನಿಂತಿದ್ದಾಗ, ಸೆರಗಿನಿಂದ ಸಣ್ಣ ಪೊಟ್ಟಣ ತೆಗೆದಳು. "ಮೊಮ್ಮಗಳಿಗಿ ಬೆಂಡೋಲಿ ತಂದೀನಕ್ಕಾ. ಎರಡ ದಿನ ಹಾಕ್ಕೊಂಡು ನೋಡು."

ಇಂದ್ರಾಬಾಯಿ ಮೋಟಾರಿನ ಬಟನ್ ಒತ್ತಿದಳು. ಗಿರಣಿ ನಿಂತಿತು, ಎಲ್ಲರೂ ತಿರುಗಿ ನೋಡಿದರು. ಅವಳು ಪಟ್ಟಿಯನ್ನು ಮೊಳೆಯಿಂದ ತೆಗೆದು ದಾಕ್ಷಾಯಣಿಯ ಅಂಗೈಯಲ್ಲಿಟ್ಟಳು.

"ಬೆಂಡೋಲಿ ಆಮ್ಯಾಲ. ಮೊದಲ ಇದನ್ನ ತಕ್ಕಡ್ಯಾಗ ಇಡು. ನೀ ಊರಿಗೆಲ್ಲಾ ಹೇಳಿದೆಲ್ಲ, ಅದ ನನ್ನ ಭ್ರಮಾ ಇದು. ಎಷ್ಟ ತೂಗತೈತಿ, ಎಲ್ಲಾರಿಗೂ ಕೇಳೂ ಹಂಗ ಓದಿ ಹೇಳು."