ಗ್ರೂಪಿನಲ್ಲಿ ಹೇಳಿದ ಸಾವು

ತಂಗಿ ಸತ್ತ ಸುದ್ದಿ ಮುತ್ತರಾಯಪ್ಪನಿಗೆ ಗೊತ್ತಾದದ್ದು ಸಂಜೆ ಹಾಲಿನ ಡೈರಿಯಲ್ಲಿ, ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದಾಗ. ಹಿಂದೆ ನಿಂತಿದ್ದ ಪಕ್ಕದ ಮನೆಯ ನಾಗವೇಣಿ ಅವನನ್ನು ವಿಚಿತ್ರವಾಗಿ ನೋಡಿದಳು.

"ಇದೇನಣ್ಣ, ಇಲ್ಲೇ ಇದ್ದೀಯ? ಮೂಕಂಡಪಲ್ಲಿಗೆ, ತಂಗಿ ಮನೆಗೆ ಹೋಗ್ಲಿಲ್ವಾ?"

"ಏನಕ್ಕೆ?"

ಅವಳು ತನ್ನ ಫೋನು ತೋರಿಸಿದಳು. ಯಾರೋ ಸ್ಟೇಟಸ್ ಹಾಕಿದ್ದರು. ಅಂಜಿನಮ್ಮನ ಫೋಟೊ, ಅದರ ಸುತ್ತ ಚೆಂಡುಹೂವಿನ ಹಾರ, ಕೆಳಗೆ ಮಿನುಗುವ ಎರಡು ದೀಪ. ಮುತ್ತರಾಯಪ್ಪನಿಗೆ ಮೊದಲು ಅದು ಯಾವುದೋ ದೇವರ ಪಟದಂತೆ ಕಂಡಿತು. ಆಮೇಲೆ ತಂಗಿಯ ಮುಖ ಕಂಡಿತು. ಕ್ಯಾನನ್ನು ನಾಗವೇಣಿಯ ಕಾಲ ಬಳಿ ಬಿಟ್ಟು, ಉಟ್ಟ ಪಂಚೆಯಲ್ಲೇ ಬಸ್ಸಿಗೆ ಓಡಿದ.

ಅವರ ಕಡೆ ಹೆಣ್ಣುಮಗಳು ಸತ್ತರೆ ತವರಿನ ಸೀರೆ ಹೊದಿಸದೆ ಹೆಣ ಎತ್ತುವುದಿಲ್ಲ. ಅದಕ್ಕೇ ಎಲ್ಲರಿಗಿಂತ ಮೊದಲು ತವರಿಗೆ ಆಳು ಓಡಬೇಕು. ಬಂದವನು ಹೊಸ್ತಿಲಾಚೆ ನಿಂತು ಸುದ್ದಿ ಹೇಳಿ, ನೀರೂ ಕುಡಿಯದೆ ತಿರುಗಿ ಹೋಗಬೇಕು. ಇಂಥದ್ದರಲ್ಲೆಲ್ಲ ಮುತ್ತರಾಯಪ್ಪ ಮಹಾ ಬಿಗಿ. ಹೋದ ವರ್ಷ ತಂಗಿಯ ಮಗ ಸುರೇಂದ್ರ ಹೊಸ ಮನೆ ಕಟ್ಟಿಸಿ, ಗೃಹಪ್ರವೇಶದ ಆಹ್ವಾನವನ್ನು ಫೋನಿಗೆ ಕಳಿಸಿ ಕೈತೊಳೆದುಕೊಂಡಾಗ, "ಸೋದರಮಾವನ್ನ ಫೋನಲ್ ಕರೀತಾರೇನ್ಲಾ?" ಎಂದು ಮುಖ ಊದಿಸಿಕೊಂಡು ಮನೆಯಲ್ಲೇ ಕುಳಿತಿದ್ದ. ಕರೆದ ರೀತಿ ತಪ್ಪೇ ಇರಬಹುದು, ಹೋಗದೆ ಕುಳಿತದ್ದು ಯಾವ ದೊಡ್ಡಸ್ತಿಕೆಯೋ ಕಾಣೆ. ಕೊನೆಗೆ ಅಂಜಿನಮ್ಮನೇ ಮಂಡಿನೋವಿನ ಕಾಲೆಳೆದುಕೊಂಡು, ಒಬ್ಬಟ್ಟಿನ ಡಬ್ಬಿ ಹಿಡಿದು ಅಣ್ಣನ ಮನೆಗೆ ಬಂದಳು.

"ಕಾಲ ಹಂಗೇ ಆಗೈತೆ ಅಣ್ಣ. ನಾನ್ ಸತ್ರೂ ಫೋನಲ್ಲೇ ಹೇಳ್ತಾರೆ. ಆವಾಗ್ಲೂ ಹಿಂಗೇ ಮುನಿಸ್ಕಂಡು ಕುಂತ್ಬುಡ್ಬೇಡ. ಸೀರೆ ತಗಂಡು ಬಂದ್ಬುಡು."

"ಬತ್ತೀನಿ ಕಣಮ್ಮ. ನಾನೇ ಬತ್ತೀನಿ," ಎಂದು ಅವಳ ಕೈ ಹಿಡಿದು ಹೇಳಿದ್ದ.

ಹೊಸೂರಿನಲ್ಲಿ ಬಸ್ಸಿಳಿದು, ಎದುರಿಗೆ ಸಿಕ್ಕ ಅಂಗಡಿಗೆ ನುಗ್ಗಿ ಗಿಳಿಹಸಿರು ಸೀರೆ ಕೇಳಿದ. ಅವಳಿಗೆ ಆ ಬಣ್ಣವೆಂದರೆ ಪ್ರಾಣ. "ಯಾರುಕ್ಕು ತಾತಾ?" ಎಂದು, ಯಾರಿಗೆಂದು ತಮಿಳಿನಲ್ಲಿ ಕೇಳಿದಳು ಅಂಗಡಿಯ ಹುಡುಗಿ. "ತಂಗಚ್ಚಿಕ್ಕು," ತಂಗಿಗೆ, ಎಂದ. ಅವಳು ಅಕ್ಕರೆಯಿಂದ ನಕ್ಕು, ಸೀರೆಯನ್ನು ಉಡುಗೊರೆಯ ಡಬ್ಬದಲ್ಲಿಟ್ಟು ಕೊಟ್ಟಳು. ಅವನು ದುಡ್ಡು ಕೊಟ್ಟು ಹೊರಬಂದ.

ಆಟೊದಲ್ಲಿ ಡಬ್ಬ ಅವುಚಿಕೊಂಡು ಕುಳಿತಾಗ ಮಗ ತಿಮ್ಮರಾಜು ನೆನಪಾದ. ಮುತ್ತರಾಯಪ್ಪನದು ಗುಂಡಿ ಒತ್ತುವ ಹಳೇ ಫೋನು. ಬಂಧುಬಳಗದ ವಾಟ್ಸಾಪ್ ಗ್ರೂಪಿನಲ್ಲಿ ತವರಿನ ಪರವಾಗಿ ಇದ್ದವನು ಮಗನೇ. ಅವನ ಕಾರ್ಖಾನೆಯಲ್ಲಿ ಬೆಳಿಗ್ಗೆ ಗೇಟಿನಲ್ಲಿಟ್ಟ ಫೋನು ಸಂಜೆ ಕೆಲಸ ಬಿಟ್ಟ ಮೇಲೇ ಕೈಗೆ ಸಿಗುವುದು. ಪಾಪ, ಅವನಿಗೂ ಗೊತ್ತಿರಲಿಕ್ಕಿಲ್ಲ ಎಂದುಕೊಂಡ. ತವರಿನವರು ಬಾರದೆ ಎತ್ತುವುದಿಲ್ಲ, ಕಾದಿರುತ್ತಾರೆ ಎಂದೂ ಅಂದುಕೊಂಡ.

ಮನೆ ಮುಂದೆ ನೆಲ ತೊಳೆದು ಒದ್ದೆಯಾಗಿತ್ತು. ಶಾಮಿಯಾನ ಬಿಚ್ಚುತ್ತಿದ್ದರು. ತಲೆ ಬೋಳಿಸಿಕೊಂಡು ಜಗಲಿಯಲ್ಲಿ ಕುಳಿತಿದ್ದ ಸುರೇಂದ್ರ ಎದ್ದು ನಿಂತ.

"ಎತ್ಬುಟ್ರಾ?" ಎಂದ ಮುತ್ತರಾಯಪ್ಪ.

"ಮಧ್ಯಾಹ್ನಾನೇ ಆಯ್ತು ಮಾವ. ಸುಟ್ಟು ಬಂದ್ವಿ."

"ತವರಿಗೆ ಕಾಯ್ಲಿಲ್ವೇನ್ಲಾ?"

"ಬೆಳಿಗ್ಗೇನೇ ಗ್ರೂಪಲ್ಲಿ ಹಾಕಿದ್ನಲ್ಲ. ನಿಮ್ ಕಡೆಯಿಂದ್ಲೇ ಮೊದ್ಲು ಉತ್ತರ ಬಂತು. ಇನ್ನೇನು ಫೋನ್ ಮಾಡೋದು ಅಂತ ಸುಮ್ನಾದೆ. ಮಧ್ಯಾಹ್ನದವರೆಗೂ ಕಾದ್ವಿ, ನೀನು ಬರ್ಲಿಲ್ಲ. ಮನೆ ವಿಷ್ಯದ ಸಿಟ್ಟು ಇನ್ನೂ ಹೋಗಿಲ್ಲ ಅಂದ್ಕಂಡ್ವಿ."

ಸುರೇಂದ್ರ ಫೋನು ತೋರಿಸಿದ. ಅದೇ ಹಾರ, ಅದೇ ದೀಪ. ಕೆಳಗೆ ತಿಮ್ಮರಾಜುವಿನ ಹೆಸರು, ಅದರ ಮುಂದೆ ಮುಗಿದ ಎರಡು ಕೈಗಳ ಚಿತ್ರ. ಮತ್ತೇನೂ ಇಲ್ಲ.

ಅಷ್ಟರಲ್ಲಿ ತಿಮ್ಮರಾಜುವೂ ಬಂದ. ಕಾರ್ಖಾನೆಯ ಅಂಗಿಯಲ್ಲೇ ಇದ್ದ. ಅಪ್ಪನ ಕೈಯಲ್ಲಿದ್ದ ಫೋನು ನೋಡುತ್ತಲೇ ಅವನ ಮುಖ ಬಿಳಿಚಿಕೊಂಡಿತು.

"ಏನ್ಲಾ ಇದು?"

"ಸುರೇಂದ್ರ ದಿನಾ ಬೆಳಿಗ್ಗೆ ದೇವ್ರ ಫೋಟೊ ಹಾಕ್ತಾನಪ್ಪ. ದಿನಾ ಅದಕ್ಕೆ ಕೈ ಮುಗ್ದಿರೋದು ಒತ್ತಿ, ಗೇಟಲ್ಲಿ ಫೋನ್ ಕೊಟ್ಟು ಒಳಕ್ಕೋಗ್ತೀನಿ. ಇವತ್ತೂ ಹಂಗೇ ಒತ್ಬುಟ್ಟೆ. ಹಾರ ಕಾಣ್ತು, ದೀಪ ಕಾಣ್ತು. ಅತ್ತೆ ಮುಖ ನೋಡ್ಲಿಲ್ಲ."

ಮುತ್ತರಾಯಪ್ಪನಿಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಆದರೆ ಡೈರಿಯಲ್ಲಿ ತನಗೂ ಮೊದಲು ಕಂಡದ್ದು ದೇವರ ಪಟವೇ. ಎತ್ತಿದ ಕೈ ಹಾಗೇ ಇಳಿಯಿತು. ಅವಳು ಕಾದಳು, ಅಣ್ಣ ಮುನಿಸಿಕೊಂಡಿದ್ದಾನೆಂದು ನಾಲ್ಕು ಜನ ಅವಳ ತಲೆಯ ಹತ್ತಿರ ಕುಳಿತು ಆಡಿಕೊಂಡರು, ಆ ಮಾತು ಸುಳ್ಳೆಂದು ಹೇಳುವ ಮೊದಲೇ ಅವಳು ಸುಟ್ಟುಹೋದಳು. ಇನ್ನು ಯಾರಿಗೆ ಹೇಳಿ ಏನು ಬಂತು? ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯ ಮೇಲೆ ಕುಳಿತ.

ಸುರೇಂದ್ರನ ಹೆಂಡತಿ ವರಲಕ್ಷ್ಮಿ ಒಳಗಿನಿಂದ ನೀರು ತಂದಳು. ಅವನು ಮುಟ್ಟಲಿಲ್ಲ.

"ಏನು ಹೊದಿಸಿದ್ರವ್ವ?"

"ಬೀರುವಿನಲ್ಲಿ ನನ್ದೊಂದು ಹೊಸ ಸೀರೆ ಇತ್ತು ಮಾವ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬರಿಗೈಲಿ ಕಳಿಸಾಕೆ ಮನಸ್ಸು ಬರ್ಲಿಲ್ಲ. ನಿಮ್ಮಣ್ಣ ಕಳ್ಸವ್ರೆ ಅತ್ತೆ ಅಂತ ಕಿವೀಲಿ ಹೇಳಿ ಹೊದಿಸ್ದೆ."

ಮುತ್ತರಾಯಪ್ಪ ತೊಡೆಯ ಮೇಲಿನ ಡಬ್ಬದ ಮುಚ್ಚಳ ತೆಗೆದು ಗಿಳಿಹಸಿರು ಸೀರೆಯನ್ನು ಸವರಿದ.

"ಅವ್ಳು ನಂಬಿರಾಕಿಲ್ಲ ಕಣವ್ವ," ಎಂದ. "ಕಳಿಸ್ತೀನಿ ಅಂದಿರ್ಲಿಲ್ಲ ನಾನು. ಬತ್ತೀನಿ ಅಂದಿದ್ದೆ."