ಮುಕ್ತಾರ್ ಆಕಾಶ

2024ರ ಫೆಬ್ರವರಿ 11, ಭಾನುವಾರ, ಬೆಳಿಗ್ಗೆ ಹತ್ತೂಕಾಲು. ಮರ್ಫಿ ಟೌನಿನ ತನ್ನ ಮನೆಯಲ್ಲಿ ಹಾಶಿಮ್ ಮೇಜಿನ ಮೇಲೆ ಹಳೆಯ ಲುಂಗಿ ಹಾಸಿ, ಅದರ ಮೇಲೆ ಚಿತ್ರವನ್ನು ಮಲಗಿಸಿದ್ದ. ನಮ್ಮಿಬ್ಬರ ಗುರು ಮುಕ್ತಾರ್ ಉಸ್ತಾದರು ಬರೆದ ಹಲಸೂರು ಕೆರೆ. ಶಿವಾಜಿನಗರದ ಚಹಾ ಅಂಗಡಿಯೊಂದರ ಗೋಡೆಯ ಮೇಲೆ ಐವತ್ತು ವರ್ಷ ಇತ್ತು. ಅಂಗಡಿ ಮುಚ್ಚಿದಾಗ ಮಾಲೀಕರು ಹಾಶಿಮನನ್ನು ಕರೆದು ಕೊಟ್ಟಿದ್ದರು.

ನಾವು ಕಲಿಯಲು ಸೇರುವ ಹೊತ್ತಿಗೆ ಉಸ್ತಾದರು ಕಣ್ಣಿಗೆ ಪೊರೆ ಬಂದು ಕುಂಚ ಬಿಟ್ಟಿದ್ದರು. ಅವರ ಉಳಿದ ಚಿತ್ರಗಳು ಯಾರ್ಯಾರದೋ ಮನೆ ಸೇರಿದ್ದವು. ಬಣ್ಣದ ಬಗ್ಗೆ ಏನು ಕೇಳಿದರೂ, "ನನ್ನೇನ್ ಕೇಳ್ತೀರಾ, ಗೋಡೆ ನೋಡಿ" ಎನ್ನುತ್ತಿದ್ದರು. ಸಂಜೆಯ ಹೊತ್ತು ಬೈ ಟೂ ಚಹಾ ಹೇಳಿ, ಬೀಡಿ ಹೊಗೆಯ ನಡುವೆ ಕೂತು, ನಾವು ಆ ಚಿತ್ರದ ಹಸಿರು ಆಕಾಶವನ್ನು ನಕಲು ಮಾಡುತ್ತಿದ್ದೆವು. ಆಮೇಲೆ ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಲು ಹೋದೆ. ಹಾಶಿಮ್ ಉಳಿದ. ಆ ಹಸಿರು ಅವನ ಕೈಗೆ ಎಷ್ಟು ಒಗ್ಗಿತೆಂದರೆ, ಕುಕ್ ಟೌನಿನಲ್ಲಿ ಅವನ ಚಿತ್ರ ಕೊಂಡವರು ಅದನ್ನು 'ಮುಕ್ತಾರ್ ಆಕಾಶ' ಎಂದೇ ಕರೆಯುತ್ತಾರೆ.

ಮುಂದಿನ ತಿಂಗಳು ಅವನ ಪ್ರದರ್ಶನ. ತನ್ನ ಚಿತ್ರಗಳ ನಡುವೆ ಗುರುವಿನದನ್ನು ಹಾಕುವ ಆಸೆ. ಅದನ್ನು ಶುಚಿ ಮಾಡಲು ನನ್ನನ್ನು ಕರೆದಿದ್ದ.

"ಧೂಳು ಮಾತ್ರ ತೆಗಿ ನರೇಶ. ನಿನ್ ಲ್ಯಾಬ್ ಬುದ್ಧಿ ತೋರಿಸ್ಬೇಡ."

ಮೇಲಿನ ಮೂಲೆಯಲ್ಲಿ ದ್ರಾವಣದಲ್ಲಿ ಅದ್ದಿದ ಹತ್ತಿಯನ್ನು ಮೆಲ್ಲಗೆ ಹೊರಳಿಸಿದೆ. ಹತ್ತಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಅಡಿಯಲ್ಲಿ ನೀಲಿ ಕಂಡಿತು.

"ಬಣ್ಣ ಹೋಯ್ತಾ?"

"ಇಲ್ಲ, ಹೊಗೆ ಹೋಯ್ತು. ವಾರ್ನಿಷ್ ಹಳದಿಯಾಗಿ, ಅದ್ರ ಮೇಲೆ ಬೀಡಿ ಹೊಗೆ ಕೂತಿದೆ. ಉಸ್ತಾದ್ ಬರ್ದಿದ್ದು ನೀಲೀನೇ."

ಹಾಶಿಮ್ ಕುರ್ಚಿ ಎಳೆದುಕೊಂಡು ಕೂತ. ಗೋಡೆಗೆ ಒರಗಿಸಿದ್ದ ಅವನ ಚಿತ್ರಗಳಲ್ಲೆಲ್ಲ ಹಸಿರು ಆಕಾಶ.

"ಅಂದ್ರೆ ನಲ್ವತ್ ವರ್ಷ ನಾನು ಬೀಡಿ ಹೊಗೆ ಬರ್ಕೊಂಡ್ ಬಂದೆ."

"ಅದ್ರಲ್ಲಿ ಅರ್ಧ ನಿನ್ ಬೀಡೀದೇ."

ಅವನು ನಕ್ಕ. ನಕ್ಕು ಮುಗಿಸಿದ ಮೇಲೆ ಮುಖ ಒರೆಸಿಕೊಂಡ.

"ಇಲ್ಲಿಗೇ ನಿಲ್ಲಿಸ್ಲಾ?" ಎಂದೆ. "ಈ ಮೂಲೆ ಫ್ರೇಮ್ ಒಳಗೆ ಮುಚ್ಚೋಗತ್ತೆ. ಯಾರಿಗೂ ಗೊತ್ತಾಗಲ್ಲ."

ಅವನು ಬಹಳ ಹೊತ್ತು ಆ ಮೂಲೆಗೆ ಬಗ್ಗಿದ್ದ.

"ಬೇಡ, ಪೂರ್ತಿ ತೆಗಿ. ಅವ್ರು ಏನ್ ಬರ್ದಿದ್ರು ಅಂತ ನಾನಿನ್ನೂ ನೋಡೇ ಇಲ್ವಲ್ಲೋ."

"ಪ್ರದರ್ಶನ?"

"ಅವ್ರದ್ದು ನೀಲಿ, ನಂದು ಹಸಿರು. ಪಕ್ಕಪಕ್ಕ ಹಾಕ್ತೀನಿ. ನಗೋರು ನಗ್ಲಿ."

ಬೆಳಕು ಸಾಲದಾಗುವವರೆಗೂ ಕೆಲಸ ಮಾಡಿದೆ. ಹಾಶಿಮ್ ಪಕ್ಕದಿಂದ ಏಳಲಿಲ್ಲ. ಕೊನೆಗೆ ಅಳತೆಪಟ್ಟಿ ಇಟ್ಟು ನೋಡಿದೆವು. ಆ ದಿನ ಹೊರಬಂದ ನೀಲಿ ಅಂಗೈಯಷ್ಟು, ಎಪ್ಪತ್ತೆರಡು ಚದರ ಸೆಂಟಿಮೀಟರ್.