ತಮ್ಮನ ಬ್ಯಾಂಡಿನ ಮುಂದೆ

ನನ್ನ ತಮ್ಮ ಆಸ್ಟಿನ್ 2003ರಲ್ಲಿ, ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ, ದೇವರ ಪಾದ ಸೇರಿದ. ಮೂರನೆಯ ದಿನ ಅವನ ಹೆಂಡತಿ ಸುಜಾನ್ ಲಂಡನಿನ ವೆಂಬ್ಲಿಯಲ್ಲಿರುವ ನಮ್ಮ ಮನೆಗೆ ಬಂದಳು.

"ಬಾವ, ಅವರದ್ದು ಒಂದು ಆಸೆ ಉಂಟು. ಶವದ ಪೆಟ್ಟಿಗೆ ಇಗರ್ಜಿಯಿಂದ ಹೊರಗೆ ಹೋಗುವಾಗ ಅವರು ಕಟ್ಟಿದ ವಾಲ್ಟ್ಸ್ ನೀವು ಆರ್ಗನಿನಲ್ಲಿ ಬಾರಿಸಬೇಕಂತೆ."

"ಇಗರ್ಜಿಯಲ್ಲಿ ಡ್ಯಾನ್ಸಿನ ಹಾಡಾ? ಆಗುದಿಲ್ಲ."

"ಪಾದ್ರಿಯವರು ಅಡ್ಡಿ ಇಲ್ಲ ಅಂದ್ರು. ನಿಮ್ಮ ಹೆಸರು ಹೇಳಿ, ಪೈಯಸ್ ಒಪ್ಪಿದ್ರೆ ಆಯ್ತು ಅಂದ್ರು."

"ಈಗ ತಪಸ್ಸುಕಾಲ, ಸುಜಾನ್. ನಿಯಮ ಅಂತ ಉಂಟಲ್ಲ?"

"ನಿಯಮವಾ ಬಾವ, ಹೊಟ್ಟೆಕಿಚ್ಚಾ?" ಎಂದು ಕೇಳಿ, ಚಹಾ ಮುಟ್ಟದೆ ಅವಳು ಎದ್ದುಹೋದಳು.

ಅವಳು ಹೇಳಿದ್ದು ನಿಜ. ಊರಿನ ಇಗರ್ಜಿಯಲ್ಲಿ ಹಾರ್ಮೋನಿಯಂ ಪಕ್ಕ ಕೂರಿಸಿ, ತಪ್ಪಿದಾಗ ಬೆರಳ ಗೆಣ್ಣಿಗೆ ಹೊಡೆದು, ಅವನಿಗೆ ಸ್ವರಲಿಪಿ ಕಲಿಸಿದವನು ನಾನು. ಲಂಡನಿಗೂ ಒಟ್ಟಿಗೆ ಬಂದೆವು. ನಾನು ಇಗರ್ಜಿಯ ಆರ್ಗನಿಗೆ ಕೂತೆ. ಅವನು ಇಲ್ಫರ್ಡಿನ ಡ್ಯಾನ್ಸ್ ಬ್ಯಾಂಡೊಂದರ ಹಿಂದಿನ ಸಾಲಿನಲ್ಲಿ ಟ್ರಂಪೆಟ್ ಹಿಡಿದು ಕೂತ. ಹನ್ನೆರಡು ವರ್ಷಗಳ ನಂತರ ಆ ಬ್ಯಾಂಡಿನ ಇಂಗ್ಲಿಷ್ ಯಜಮಾನ ನಿವೃತ್ತನಾಗುವಾಗ, ಅಷ್ಟು ಜನ ಬಿಳಿಯರನ್ನು ಬಿಟ್ಟು ನನ್ನ ತಮ್ಮನನ್ನು ತನ್ನ ಜಾಗದಲ್ಲಿ ಮುಂದೆ ನಿಲ್ಲಿಸಿದ. ಆಮೇಲೆ ಬಿಳಿ ಕೋಟು, ರೇಡಿಯೋ, ಸಮುದ್ರತೀರದ ಹೋಟೆಲುಗಳು. ತೊಂಬತ್ತರ ದಶಕದಲ್ಲಿ ದೊಡ್ಡ ಡ್ಯಾನ್ಸ್ ಹಾಲುಗಳು ಒಂದೊಂದಾಗಿ ಮುಚ್ಚಿದವು. ಅವನು ಕೌನ್ಸಿಲ್ ಹಾಲಿನಲ್ಲಿ ಬುಧವಾರ ಮಧ್ಯಾಹ್ನ ಮುದುಕರಿಗಾಗಿ ನುಡಿಸತೊಡಗಿದ. ಈಗಲಾದರೂ ಅವನ ಕಾಲ ಮುಗಿಯಿತು ಎಂದುಕೊಂಡೆ. ಅಲ್ಲಿಯೂ ಕಾಲಿಡಲು ಜಾಗವಿರುತ್ತಿರಲಿಲ್ಲ.

ನಮ್ಮವರ ಮದುವೆಗಳಲ್ಲಿ ನಾನು ಆರ್ಗನ್ ನುಡಿಸಿದ ಪೂಜೆ ಯಾರಿಗೂ ನೆನಪಿಲ್ಲ. ಅವನ ಬ್ಯಾಂಡಿನ ರಿಸೆಪ್ಶನ್ ಎಲ್ಲರಿಗೂ ನೆನಪಿದೆ. ಆರ್ಗನಿನವನು ಜನರಿಗೆ ಬೆನ್ನು ಹಾಕಿ ಕೂರುತ್ತಾನೆ, ಅಂಗೈಯಗಲದ ಕನ್ನಡಿಯಲ್ಲಿ ಬಲಿಪೀಠವನ್ನು ನೋಡಿಕೊಳ್ಳುತ್ತಾನೆ. ಆಸ್ಟಿನ್ನನಿಗೆ ಜನ ಎದುರಿಗೇ ಇದ್ದರು.

ಅಂತ್ಯಕ್ರಿಯೆಯ ದಿನ ನಾನು ಮೃತರ ಕೀರ್ತನೆಗಳನ್ನಷ್ಟೇ ನುಡಿಸಿದೆ. ಆರ್ಗನಿನ ಅಟ್ಟದಿಂದ ಕೆಳಗಿಳಿದು ಬಾಗಿಲಿಗೆ ಬರುವಾಗ, ಅವನ ಬ್ಯಾಂಡಿನಲ್ಲಿ ಉಳಿದಿದ್ದ ಒಂಬತ್ತು ಮುದುಕರು ಅಂಗಳದ ಚಳಿಯಲ್ಲಿ ವಾದ್ಯ ಹಿಡಿದು ನಿಂತಿದ್ದರು. ಪೆಟ್ಟಿಗೆ ಕಂಡೊಡನೆ ಆ ವಾಲ್ಟ್ಸ್ ಆರಂಭಿಸಿದರು. ಮುಂದೆ ನಿಲ್ಲುವವನು ಇರಲಿಲ್ಲ. ಟ್ರಂಪೆಟ್ ಮುಂದೆ ಓಡಿತು, ಸ್ಯಾಕ್ಸೋಫೋನ್ ಹಿಂದೆ ಬಿತ್ತು. ಪೆಟ್ಟಿಗೆ ಹೊತ್ತವರು ಹೆಜ್ಜೆ ಹೊಂದಿಸಲಾರದೆ ಮೆಟ್ಟಿಲಲ್ಲೇ ನಿಂತರು. ಸುಜಾನ್ ಮುಖ ಮುಚ್ಚಿಕೊಂಡಳು.

"ಯಾರಾದರೂ ತಾಳ ಕೊಡಿ, ದೇವರಾಣೆ!" ಎಂದು ಸ್ಯಾಕ್ಸೋಫೋನಿನ ಮುದುಕ ಕೂಗಿದ.

ನಾನು ಇಳಿದು ಹೋಗಿ ಅವರ ಮುಂದೆ ಕೈ ಎತ್ತಿದೆ. ಒಂದು, ಎರಡು, ಮೂರು. ಎಲ್ಲ ವಾದ್ಯಗಳೂ ನನ್ನ ಕೈಗೆ ಬಂದು ಸೇರಿದವು. ಪೆಟ್ಟಿಗೆ ನನ್ನ ಬೆನ್ನ ಹಿಂದೆ ಹಾದು ಹೋಯಿತು. ನಾನು ತಿರುಗಲಿಲ್ಲ. ಅದು ಕಾರಿಗೆ ಸೇರಿದ ಮೇಲೂ ಇನ್ನೊಮ್ಮೆ ಮೊದಲಿನಿಂದ ನುಡಿಸುವಂತೆ ಮಾಡಿದೆ.

ಶನಿವಾರ ಪಾಪನಿವೇದನೆಗೆ ಹೋದೆ. ಹೊಟ್ಟೆಕಿಚ್ಚಿನಿಂದ ತಮ್ಮನ ಕೊನೆಯ ಆಸೆಯನ್ನು ನಿರಾಕರಿಸಿದೆ ಎಂದು ಒಪ್ಪಿಕೊಂಡೆ.

"ಪಶ್ಚಾತ್ತಾಪ ಇದೆಯೇ?" ಎಂದು ಪಾದ್ರಿ ಕೇಳಿದರು.

"ಅದಕ್ಕೆ ಉಂಟು, ಫಾದರ್."

"ಮತ್ತೆ ಯಾವುದಕ್ಕೆ ಇಲ್ಲ?"

"ಅವನ ಜಾಗದಲ್ಲಿ ನಿಂತೆನಲ್ಲ, ಅದು ನನಗೆ ಸಂತೋಷವಾಯ್ತು."

ಅವರು ನನ್ನ ತಮ್ಮನ ಆತ್ಮಕ್ಕಾಗಿ ಒಂದು ಜಪಸರ ಪ್ರಾರ್ಥನೆ ಮಾಡಲು ಹೇಳಿದರು. ಮೊಣಕಾಲೂರಿ ಮಾಡಿದೆ. ಕೊನೆಯ ಮಣಿಗೆ ಬರುವಾಗಲೂ ಆ ಒಂಬತ್ತು ಮುಖಗಳು ನನ್ನನ್ನೇ ನೋಡುತ್ತಿದ್ದವು.